ದೊಡ್ಡ ಕಲಾವಿದ ದೊಡ್ಡ ಮನುಷ್ಯನೂ ಆಗಿರಬೇಕಾ? ಕೈದಾಳದ ಕಥೆ ಹಿಡಿದು ಒಂದು ಚರ್ಚೆ

ಗೂಳೂರು ದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನ ಮಕ್ಕಳಿಗೆ ಆರು ಭಾನುವಾರಗಳ ಕಲಾ ರಸಗ್ರಹಣ ಶಿಬಿರ ನಡೆಯಲಿದೆ. ಮೊದಲ ವಾರ ಕೈದಾಳದ ಚೆನ್ನಕೇಶವ ದೇವಸ್ಥಾನ, ಆಮೇಲೆ ಚಿತ್ರ, ಕಾವ್ಯ, ಸಂಗೀತ, ನಾಟಕ. ಪಟ್ಟಿ ಹೊರಬಿದ್ದ ಕೂಡಲೇ ಪೋಷಕರಿಂದ ಬಂದ ಪ್ರಶ್ನೆ: ಹೆಂಡತಿ ಮಗುವನ್ನು ಬಿಟ್ಟುಹೋದವನು, ಕೊಲೆ ಮಾಡಿದವನು, ಹೆತ್ತ ಮಕ್ಕಳನ್ನೇ ಹಿಂಸಿಸಿದವನು, ಇಂಥವರ ಕೆಲಸವನ್ನು ದೊಡ್ಡದು ಅಂತ ಮಕ್ಕಳ ಮುಂದೆ ಇಡೋದು ಸರಿಯಾ? ಶೀಲ ಇಲ್ಲದ ಕಡೆ ಶ್ರೇಷ್ಠತೆ ಇರುತ್ತಾ?

"ಕಲೆ ಬೇರೆ, ಕಲಾವಿದ ಬೇರೆ" ಅಂತ ಒಂದು ಸಾಲಲ್ಲಿ ಮುಗಿಸೋ ಪ್ರಶ್ನೆ ಅಲ್ಲ ಇದು. ಶಿಲ್ಪ, ಅಲಂಕಾರಶಾಸ್ತ್ರ, ಚಿತ್ರ, ಕಾನೂನು ಬಲ್ಲವರು ಇಲ್ಲಿದ್ದೀರಿ. ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು, ಎಲ್ಲಿ ಎಡವೋದು ಜಾಸ್ತಿ ಅನ್ನೋದನ್ನ ಬಿಡಿಸಿ ಬರೆದರೆ ಉಪಕಾರ.

ಶಾಸನಪ್ರಿಯ, ಶಿರಾ

ಕೈದಾಳದಿಂದ ಶುರು ಮಾಡುವುದಾದರೆ ಕಥೆಯನ್ನೂ ದಾಖಲೆಯನ್ನೂ ಬೆರೆಸದೆ ಹೇಳಿ.

ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಜಕಣಾಚಾರಿ ಶಿಲ್ಪದ ಹಂಬಲದಲ್ಲಿ ಹೆಂಡತಿಯನ್ನು ಬಿಟ್ಟು ಹೊರಟ. ಅವನು ಹೋದ ಮೇಲೆ ಹುಟ್ಟಿದ ಮಗ ಡಂಕಣ, ಬೆಳೆದು ಅಪ್ಪನನ್ನು ಹುಡುಕಿಕೊಂಡು ಬೇಲೂರಿಗೆ ಬಂದ. ಅಲ್ಲಿನ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂದ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅಂತ ಜಕಣ ಪಣ ತೊಟ್ಟ. ವಿಗ್ರಹಕ್ಕೆಲ್ಲ ಗಂಧ ಬಳಿದರು, ಹೊಕ್ಕುಳ ಹತ್ತಿರ ಮಾತ್ರ ಆರಲಿಲ್ಲ. ಉಳಿ ಇಟ್ಟಾಗ ನೀರು, ಮರಳು, ಕಪ್ಪೆ ಹೊರಬಂದವು. ಜಕಣ ಆಡಿದಂತೆ ಕೈ ಕತ್ತರಿಸಿಕೊಂಡ. ಮುಂದೆ ಹುಟ್ಟೂರಾದ ಕೈದಾಳದಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು.

ದಾಖಲೆ ಬೇರೆ. ಕೈದಾಳದ ಗುಡಿಯನ್ನು 1150ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿ. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಜಕಣಾಚಾರಿ ಅನ್ನುವವನ ರುಜು ಈ ಗುಡಿಗಳಲ್ಲಿ ಎಲ್ಲೂ ಸಿಕ್ಕಿಲ್ಲ. ರುಜು ಇರುವುದು ಬೇರೆಯವರದ್ದು: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅಮೃತಪುರದಿಂದ ಸೋಮನಾಥಪುರದವರೆಗೆ ಮಲ್ಲಿತಮ್ಮ, ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಜತೆಗೆ ಬೈಚೋಜ. ಊರು, ತಂದೆ, ಬಿರುದು, ಇಷ್ಟನ್ನೇ ಆ ರುಜುಗಳು ಹೇಳುತ್ತವೆ. ಮನೆಯಲ್ಲಿ ಹೇಗಿದ್ದರು, ಸಾಲ ತೀರಿಸಿದರಾ, ಹೆಂಡತಿಯನ್ನು ಹೊಡೆದರಾ, ಒಂದಕ್ಷರ ಇಲ್ಲ. ಆದರೂ ನಾವು ಆ ಶಿಲ್ಪದ ಮುಂದೆ ನಿಂತು ದೊಡ್ಡದು ಅನ್ನುತ್ತೇವೆ, ಸರಿಯಾಗಿಯೇ ಅನ್ನುತ್ತೇವೆ. ಕೆಲಸದ ಬೆಲೆ ಕಟ್ಟುವುದಕ್ಕೆ ಮಾಡಿದವನ ಶೀಲದ ಚೀಟಿ ಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ.

ಚಿಂತಾಮಣಿ ಓದುಗಿ

ಕಥೆಯಲ್ಲಿ ಅವನ ಕೈ ಅವನಿಗೆ ವಾಪಸ್ ಬಂತು. ಆ ಹೆಂಗಸಿನ ವರ್ಷಗಳು ಬಂದವಾ? ಒಬ್ಬಳೇ ಮಗನನ್ನು ಸಾಕಿ, ಅಪ್ಪನ ತಪ್ಪು ಹಿಡಿಯೋ ಮಟ್ಟಕ್ಕೆ ಬೆಳೆಸಿದವಳು ಅವಳು. ಗುಡಿ ನೋಡಿ ಬಂದ ಮಕ್ಕಳಿಗೆ ಈ ಪ್ರಶ್ನೆ ಖಂಡಿತ ಕೇಳಿ: ಈ ಕೆಲಸ ಆಗಬೇಕಾದರೆ ಯಾರು ಏನು ತೆತ್ತರು? ಯಾವ ಕಲಾವಿದನ ವಿಷಯಕ್ಕೂ ಕೇಳಬಹುದು. ಟಾಲ್‌ಸ್ಟಾಯ್ ಕಾದಂಬರಿಗಳ ಹಸ್ತಪ್ರತಿಯನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿಕೊಟ್ಟವರು ಹೆಂಡತಿ ಸೋಫಿಯಾ. ಮಕ್ಕಳ ಶಿಕ್ಷಣದ ಬಗ್ಗೆ 1762ರಲ್ಲಿ ದೊಡ್ಡ ಪುಸ್ತಕ ಬರೆದ ರೂಸೋ ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಕಳಿಸಿದ್ದ. ಪುಸ್ತಕ ಓದಲೇಬೇಕು, ಇದನ್ನೂ ಹೇಳಲೇಬೇಕು.

ಕಲ್ಲು ಉಳಿ, ಮಾಲೂರು

ಶಾಸನಪ್ರಿಯ ಸಾರ್ ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ಮನೆಯ ಶೀಲ ಕಲ್ಲಲ್ಲಿ ಕಾಣಲ್ಲ. ಕಸುಬಿನ ಶೀಲ ಕಲ್ಲಲ್ಲೇ ಕಾಣುತ್ತೆ. ಶಿವಾರಪಟ್ಟಣದ ಕಡೆ ಕೆಲಸ ನೋಡಿದವರಿಗೆ ಇದು ಗೊತ್ತು. ಮಕ್ಕಳಿಗೆ ಅರ್ಥ ಆಗೋ ಹಾಗೆ ಬರೀತೀನಿ.

ಮೊದಲು ಕಲ್ಲು ಆರಿಸೋದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಂಟೆಯ ನಾದ ಬಂದ್ರೆ ಒಳಗೆ ಗಟ್ಟಿ. ಡಬ್ ಅಂದ್ರೆ ಸೀಳು ಇದೆ, ಇಲ್ಲ ಟೊಳ್ಳು. ಆಮೇಲೆ ಕಲ್ಲಿಗೆಲ್ಲ ನೀರು ಹೊಯ್ದು ನೆರಳಲ್ಲಿ ಆರೋಕೆ ಬಿಡಬೇಕು. ಮೈಯೆಲ್ಲ ಆರಿದ ಮೇಲೂ ಒಂದು ಗೆರೆ ಒದ್ದೆ ಉಳಿದ್ರೆ ಅದು ಕೂದಲೆಳೆ ಬಿರುಕು, ಒಳಗೆ ಹಿಡಿದ ನೀರು ನಿಧಾನಕ್ಕೆ ಹೊರಗೆ ಬರ್ತಾ ಇರುತ್ತೆ. ಕಥೆಯಲ್ಲಿ ಗಂಧ ಬಳಿದದ್ದು ಇದೇ ಪರೀಕ್ಷೆ, ಕೆತ್ತಿ ಮುಗಿದ ಮೇಲೆ ಮಾಡಿದ್ದು.

ಎರಡನೇದು ಅಳತೆ. ನವತಾಳದ ವಿಗ್ರಹ ಅಂದ್ರೆ ಒಂಬತ್ತು ಮುಖದಷ್ಟು ಎತ್ತರ, 108 ಅಂಗುಲ. ಮುಖ 12, ಕತ್ತು 4, ಕತ್ತಿಂದ ಎದೆ 12, ಎದೆಯಿಂದ ಹೊಕ್ಕುಳು 12, ಅಲ್ಲಿಂದ ತೊಡೆಯ ಬುಡ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಈ ಅಂಗುಲ ಟೇಪಿನ ಇಂಚಲ್ಲ, ವಿಗ್ರಹದ ಎತ್ತರವನ್ನ 108 ಭಾಗ ಮಾಡಿದ್ರೆ ಬರೋ ಒಂದು ಭಾಗ. ನಾಲ್ಕೂವರೆ ಅಡಿ ವಿಗ್ರಹಕ್ಕೆ ಅಂಗುಲ ಅರ್ಧ ಇಂಚು, ಮುಖ 6 ಇಂಚು. ಎಲ್ಲಾದಕ್ಕೂ ಮುಖವೇ ಅಳತೆಗೋಲು. ಮುಖದಲ್ಲಿ ಕಾಲು ಇಂಚು ತಪ್ಪಿ, ಅದನ್ನೇ ಹಿಡಕೊಂಡು ಕೆಳಗೆ ಇಳಿದ್ರೆ ಒಂಬತ್ತು ತಾಳ ಮುಗಿಯೋ ಹೊತ್ತಿಗೆ ಎರಡೂಕಾಲು ಇಂಚು ವ್ಯತ್ಯಾಸ. ಮುಖ ದೊಡ್ಡದಾಗಿದ್ರೆ ಮಂಡಿ ಕೆಳಕ್ಕೆ ಇಳಿಯುತ್ತೆ, ಪಾದಕ್ಕೆ ಕಲ್ಲು ಸಾಲಲ್ಲ. ನೋಡೋರಿಗೆ ಏನು ತಪ್ಪು ಅಂತ ಹೇಳೋಕೆ ಬರಲ್ಲ, ಆದ್ರೆ ವಿಗ್ರಹ ಕುಸಿದು ನಿಂತ ಹಾಗೆ ಕಾಣುತ್ತೆ.

ಶೀಲದ ಮಾತು ಬರೋದು ಇಲ್ಲಿಂದ ಮುಂದೆ. ಕೆಲಸ ಮುಕ್ಕಾಲು ಆದ ಮೇಲೆ ಬೆರಳ ತುದಿ ಸಿಡಿಯುತ್ತೆ, ಇಲ್ಲ ಬಿರುಕು ಕಾಣುತ್ತೆ. ಇರೋ ದಾರಿ ಎರಡೇ. ಮಾಡಿಸಿದವರಿಗೆ ಹೇಳಿ ಬೇರೆ ಕಲ್ಲು ಇಡೋದು. ಇಲ್ಲ, ಅದೇ ಕಲ್ಲಿನ ಪುಡಿಯನ್ನ ಎಪಾಕ್ಸಿ ಅಂಟಲ್ಲಿ ಕಲಸಿ ತುಂಬಿ, ಉಜ್ಜಿ, ಪಾಲಿಶ್ ಮಾಡಿ ಕಳಿಸೋದು. ಅವತ್ತು ಯಾರಿಗೂ ಕಾಣಲ್ಲ. ದಿನಾ ಎಣ್ಣೆ, ಹಾಲು, ಮೊಸರಿನ ಅಭಿಷೇಕ ಶುರು ಆದ ಮೇಲೆ ಕಲ್ಲು ಎಣ್ಣೆ ಕುಡಿದು ಕಪ್ಪಾಗುತ್ತೆ, ತುಂಬಿದ ಜಾಗ ಕುಡಿಯಲ್ಲ, ಬೆಳ್ಳಗೆ ತೇಪೆ ಎದ್ದು ಕಾಣುತ್ತೆ. ಬಿಸಿಲಿಗೆ ಅಂಟು ಕಲ್ಲಿಗಿಂತ ಜಾಸ್ತಿ ಹಿಗ್ಗಿ ಅಂಚು ಬಿಡುತ್ತೆ. ಭಿನ್ನ ಆದ ವಿಗ್ರಹಕ್ಕೆ ಪೂಜೆ ಇಲ್ಲ, ಊರೋರು ಮತ್ತೆ ಚಂದಾ ಎತ್ತಬೇಕು. ಉದ್ಯಾನದಲ್ಲಿ ಇಡೋ ಬೊಂಬೆಗೆ ತುಂಬಿದ್ರೆ ತಪ್ಪಿಲ್ಲ, ಹೇಳಿ ತುಂಬಬೇಕು ಅಷ್ಟೆ.

ಜಕಣನ ಕಥೇಲಿ ದೊಡ್ಡದು ಯಾವುದು ಅಂದ್ರೆ ಇದು: ಚಿಕ್ಕ ಹುಡುಗ ದೋಷ ಇದೆ ಅಂದಾಗ ಪರೀಕ್ಷೆಗೆ ಒಡ್ಡಿಕೊಂಡ, ಮುಚ್ಚಿಹಾಕಲಿಲ್ಲ. ಈ ಗುಣ ಇಲ್ಲದೋರು ಒಂದು ಹಂತ ದಾಟಿ ಬೆಳೆಯಲ್ಲ, ಯಾಕಂದ್ರೆ ತಪ್ಪು ಕೇಳಿಸಿಕೊಳ್ಳೋ ಕಿವಿ ಮುಚ್ಚಿದ ದಿನವೇ ಕೈ ಕಲಿಯೋದು ನಿಲ್ಲುತ್ತೆ. ಚಿಂತಾಮಣಿ ಅಕ್ಕ ಹೇಳಿದ್ದನ್ನೂ ಒಪ್ತೀನಿ. ಕಲ್ಲಿಗೆ ಪ್ರಾಮಾಣಿಕನಾಗಿದ್ದ ಅಂತ ಹೆಂಡತಿಗೆ ಮಾಡಿದ್ದು ಮಾಫಿ ಆಗಲ್ಲ.

ಅಲಂಕಾರ, ತಿಪಟೂರು

ಮಾಲೂರಿನವರು ಕಲ್ಲಿನ ಮೇಲೆ ಹೇಳಿದ್ದನ್ನೇ ನಮ್ಮ ಹಳೆಯ ಸಂಸ್ಕೃತ ಕಾವ್ಯಮೀಮಾಂಸಕರು ಮಾತಿನ ಮೇಲೆ ಹೇಳಿದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕಾವ್ಯದ ವಾರಕ್ಕೆ ಇಟ್ಟುಕೊಳ್ಳಿ, ಕೈಮರವಾಗುತ್ತದೆ. ಶಿಬಿರಕ್ಕೆ ಬೇಕಾದ ನಾಲ್ಕು ಜಾಗಗಳನ್ನು ಗುರುತು ಮಾಡುತ್ತೇನೆ.

ಭಟ್ಟತೌತ: ಋಷಿಯಲ್ಲದವನು ಕವಿಯಲ್ಲ. ಇದನ್ನು ಹಿಡಿದು "ನೋಡಿ, ಕವಿ ಸಾಧುವಾಗಿರಬೇಕು" ಅನ್ನುವವರು ಮುಂದಿನ ಮಾತು ಓದಿರುವುದಿಲ್ಲ. ಋಷಿಗೆ ದರ್ಶನ ಸಾಕು, ಕವಿಗೆ ದರ್ಶನದ ಜತೆ ವರ್ಣನೆಯೂ ಬೇಕು ಅಂತ ಅವನೇ ಬಿಡಿಸುತ್ತಾನೆ. ಅಲ್ಲಿ ಋಷಿ ಅಂದದ್ದು ಕಾಣುವ ಶಕ್ತಿಗೆ, ವ್ರತನಿಯಮಕ್ಕಲ್ಲ.

ಆನಂದವರ್ಧನ: ಕವಿ ಶೃಂಗಾರಿಯಾದರೆ ಜಗತ್ತು ರಸಮಯ, ಅವನೇ ವಿರಾಗಿಯಾದರೆ ಎಲ್ಲವೂ ನೀರಸ. ಇದಕ್ಕೆ ಅಭಿನವಗುಪ್ತನ ಟಿಪ್ಪಣಿ ಅಮೂಲ್ಯವಾದದ್ದು: ಇಲ್ಲಿ ಶೃಂಗಾರಿ ಅಂದರೆ ಆ ರಸದ ಚರ್ವಣೆಯಲ್ಲಿ, ಅಂದರೆ ಅದನ್ನು ಸವಿಯುವುದರಲ್ಲಿ, ಮುಳುಗಿದವನು, ಹೆಣ್ಣಿನ ಚಟದವನು ಅಂತ ತಿಳಿಯಬಾರದು. ಕಲಾವಿದನಿಗೆ ಸ್ವೇಚ್ಛೆ ಬೇಕೇ ಬೇಕು, ಇಲ್ಲದಿದ್ದರೆ ಕಲೆ ಹುಟ್ಟುವುದಿಲ್ಲ ಅಂತ ಇವತ್ತು ವಾದಿಸುವವರಿಗೆ ಸಾವಿರ ವರ್ಷದ ಹಿಂದೆಯೇ ಕೊಟ್ಟ ಉತ್ತರ ಅದು.

ರಾಜಶೇಖರ ಹೆಚ್ಚು ಪ್ರಾಯೋಗಿಕ. ಕವಿಗೆ ಮಾತು, ಮನಸ್ಸು, ಮೈ ಮೂರರ ಶುಚಿ ಬೇಕು ಅನ್ನುತ್ತಾನೆ, ಉಗುರು ಕತ್ತರಿಸಿಕೊಳ್ಳುವವರೆಗೆ ಇಳಿಯುತ್ತಾನೆ. "ಕವಿಯ ಸ್ವಭಾವ ಹೇಗೋ ಕಾವ್ಯ ಹಾಗೆ" ಅನ್ನುತ್ತಾನೆ, ಜತೆಗೇ ಚಿತ್ರಕಾರನ ಉದಾಹರಣೆ ಕೊಟ್ಟು "ಹೀಗೆ ಸಾಮಾನ್ಯವಾಗಿ ಹೇಳುತ್ತಾರೆ" ಅಂತ ಸೇರಿಸುತ್ತಾನೆ, ಕಟ್ಟಳೆ ಮಾಡುವುದಿಲ್ಲ. ಕವಿಯ ದಿನಚರಿಯಲ್ಲಿ ಹಗಲನ್ನು ನಾಲ್ಕು ಯಾಮ ಮಾಡುತ್ತಾನೆ: ಮೊದಲಲ್ಲಿ ವಿದ್ಯಾಭ್ಯಾಸ, ಎರಡರಲ್ಲಿ ರಚನೆ, ಊಟದ ಮೇಲೆ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ಬರೆದದ್ದರ ಪರೀಕ್ಷೆ. ಕಾರಣವನ್ನೂ ಕೊಡುತ್ತಾನೆ. ರಸಾವೇಶದಲ್ಲಿ ಬರೆಯುವಾಗ ವಿವೇಚಿಸುವ ಕಣ್ಣು ಇರುವುದಿಲ್ಲ, ಆದ್ದರಿಂದ ಆಮೇಲೆ ಕೂತು ಹೆಚ್ಚಾದದ್ದನ್ನು ತೆಗೆ, ಕಡಿಮೆಯಾದದ್ದನ್ನು ತುಂಬು, ಜಾಗ ತಪ್ಪಿದ್ದನ್ನು ಸರಿಸು, ಮರೆತದ್ದನ್ನು ನೆನೆ. ಮಕ್ಕಳಿಂದಲೇ ಮಾಡಿಸಿ ನೋಡಿ. ಬೆಳಗ್ಗೆ ಹತ್ತು ಸಾಲು ಬರೆಸಿ, ಸಂಜೆ ಈ ನಾಲ್ಕು ಕೆಲಸ ಅದೇ ಸಾಲುಗಳ ಮೇಲೆ. ಬಹುಪಾಲು ಮಕ್ಕಳು ತುಂಬುವುದನ್ನು ಬೇಗ ಮಾಡುತ್ತಾರೆ, ತೆಗೆಯುವುದಕ್ಕೆ ಕೈ ಬರುವುದಿಲ್ಲ. ತಾನು ಬರೆದದ್ದರ ಮೋಹ ಬಿಡುವ ಅಭ್ಯಾಸವಿದು, ಕಾವ್ಯಕ್ಕೆ ನೇರ ಸಂಬಂಧಪಟ್ಟ ಶೀಲ ಇದೇ.

ನಾಲ್ಕನೆಯದು ಮತ್ತೆ ಆನಂದವರ್ಧನನದು: ಅನೌಚಿತ್ಯ ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣ ಇಲ್ಲ. ಕೃತಿ ಕ್ರೌರ್ಯವನ್ನು ತೋರಿಸುವುದು ಬೇರೆ, ಕ್ರೌರ್ಯಕ್ಕೆ ಓದುಗ ತಲೆದೂಗಬೇಕು ಅಂತ ಬೇಡುವುದು ಬೇರೆ. ರನ್ನ ದುರ್ಯೋಧನನ ಮೇಲೆ ನಮಗೆ ಮರುಕ ಹುಟ್ಟಿಸುತ್ತಾನೆ, ದ್ರೌಪದಿಯ ಮಾನಭಂಗವನ್ನು ಮೆಚ್ಚಿ ಅನ್ನುವುದಿಲ್ಲ. ಹಾಗೆ ಬೇಡುವ ಕೃತಿ ಇದ್ದರೆ ದೋಷ ಕವಿಯ ಮನೆಯಲ್ಲಿ ಹುಡುಕಬೇಕಿಲ್ಲ, ಪುಟದ ಮೇಲೆಯೇ ಇದೆ. ಅದು ಕಾವ್ಯದೋಷವೇ.

ಸೋಮೇಶ್ವರಪಾಳ್ಯ, ಮುಳಬಾಗಿಲು

ಇಷ್ಟೆಲ್ಲ ಕಷ್ಟ ಯಾಕೆ ಸ್ವಾಮಿ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. ಅವರಿಗೆ 1970ರಲ್ಲಿ ಸಾರ್ವಜನಿಕರು 90,000 ರೂಪಾಯಿ ನಿಧಿ ಅರ್ಪಿಸಿದಾಗ ಪೂರ್ತಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ, ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟಾಗ 1943ರಲ್ಲಿ ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದರು, ಬರೆಯೋದು ಬಿಡಲಿಲ್ಲ. ಇಬ್ಬರೂ ದೊಡ್ಡ ಮನುಷ್ಯರು, ಇಬ್ಬರೂ ದೊಡ್ಡ ಬರಹಗಾರರು. "ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯ" ಅಂತ ಬಸವಣ್ಣನವರು ಹೇಳಿಲ್ಲವೇ?

ಕುಂಚ, ಗೌರಿಬಿದನೂರು

ಅವರಿಬ್ಬರ ಮೇಲೆ ಎಲ್ಲರಿಗೂ ಗೌರವ ಇದೆ. ಆದರೆ ಒಳ್ಳೆಯವರೂ ದೊಡ್ಡವರೂ ಆದ ಇಬ್ಬರನ್ನು ತೋರಿಸಿದರೆ ನಿಯಮ ಸಿದ್ಧವಾಗುವುದಿಲ್ಲ. ಒಳ್ಳೆಯವರಾಗಿದ್ದು ಸಾಧಾರಣವಾಗಿ ಬರೆದವರು ಸಾವಿರಾರು ಮಂದಿ ಇದ್ದಾರೆ, ಅವರ ಹೆಸರು ನಮಗೆ ನೆನಪಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ಕೆಟ್ಟದ್ದು ಮಾಡಿ ದೊಡ್ಡ ಕೆಲಸ ಬಿಟ್ಟುಹೋದವರೂ ಇದ್ದಾರೆ. ಬಸವಣ್ಣನವರ ವಚನ ಕೇಳುವುದು ದೇವರ ಒಲವನ್ನು, ರಸಿಕರ ಮೆಚ್ಚುಗೆಯನ್ನಲ್ಲ. ವಚನದಲ್ಲಿ ಮಾತೇ ಸಾಧನೆಯ ಭಾಗ, ಅಲ್ಲಿ ನಡೆ ನುಡಿ ಬೇರೆಯಾದರೆ ವಚನವೇ ಪೊಳ್ಳಾಗುತ್ತದೆ. ಅದೇ ಗಜಕಡ್ಡಿಯಲ್ಲಿ ಭೂದೃಶ್ಯದ ಚಿತ್ರವನ್ನೋ ರಾಗಾಲಾಪನೆಯನ್ನೋ ಅಳೆಯಲು ಬರುವುದಿಲ್ಲ.

ಚಿತ್ರದ ವಾರಕ್ಕೆ ಇಟಲಿಯ ಚಿತ್ರಕಾರ ಕರವಾಜ್ಜೊ ಇರಲಿ. 1606ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ಒಬ್ಬನನ್ನು ಕೊಂದು ತಲೆಮರೆಸಿಕೊಂಡ. ಮಾಲ್ಟಾದಲ್ಲಿ 1608ರಲ್ಲಿ ಸಂತ ಯೋಹಾನನ ಶಿರಚ್ಛೇದ ಬರೆದ, ಸುಮಾರು 3.7 ಮೀಟರ್ ಎತ್ತರ 5.2 ಮೀಟರ್ ಅಗಲ. ಅವನು ರುಜು ಹಾಕಿದ ಚಿತ್ರ ಅದೊಂದೇ, ಆ ರುಜು ಇರುವುದು ಸಂತನ ಕತ್ತಿನಿಂದ ಹರಿದ ರಕ್ತದಲ್ಲಿ. 1610ರಲ್ಲಿ ಸತ್ತ. ಮಕ್ಕಳಿಗೆ 1606ಕ್ಕೆ ಹಿಂದಿನ ಒಂದು, ಮುಂದಿನ ಒಂದು ಚಿತ್ರ ಪಕ್ಕದಲ್ಲಿಟ್ಟು ತೋರಿಸಿ. ಕೊನೆಯ ವರ್ಷಗಳಲ್ಲಿ ಬಣ್ಣ ತೆಳು, ಕಪ್ಪು ಕಂದು ತಳಬಣ್ಣವನ್ನೇ ನೆರಳಾಗಿ ಬಿಟ್ಟಿದ್ದಾನೆ, ಖಾಲಿ ಜಾಗ ಹೆಚ್ಚಾಗಿದೆ. ಓಡುತ್ತಿರುವವನ ಅವಸರ ಅದರಲ್ಲಿ ಇದೆ. ಆದರೆ ಕೊಲೆ ಮಾಡಿದ್ದರಿಂದ ಚಿತ್ರ ದೊಡ್ಡದಾಯಿತು ಅಂತ ಯಾರೂ ಮಕ್ಕಳಿಗೆ ಹೇಳಬೇಡಿ. ಕತ್ತಲನ್ನು ಕೂರಿಸುವ ಕೈ ಅವನಿಗೆ ಕೊಲೆಗೂ ಮುಂಚೆಯೇ ಇತ್ತು. ರಾಕ್ಷಸತನವೇ ಪ್ರತಿಭೆಯ ಗುರುತು ಅನ್ನುವ ಮೂಢನಂಬಿಕೆ ಹಬ್ಬುವುದು ಇಂಥ ಕಡೆಯೇ.

ಕಷ್ಟದ ಉದಾಹರಣೆ ಎರಿಕ್ ಗಿಲ್. ಇಂಗ್ಲೆಂಡಿನ ಶಿಲ್ಪಿ, ಗಿಲ್ ಸ್ಯಾನ್ಸ್ ಅಕ್ಷರವಿನ್ಯಾಸ ಮಾಡಿದವನು, ಧರ್ಮ ಮತ್ತು ಕಸುಬು ಎರಡೂ ಒಂದೇ ಅಂತ ಬರೆದವನು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್‌ನಲ್ಲಿ ಕ್ರಿಸ್ತನ ಯಾತನೆಯ ಉಬ್ಬುಶಿಲ್ಪಗಳನ್ನು ಕೆತ್ತಿದವನು. ಸತ್ತಿದ್ದು 1940ರಲ್ಲಿ. 1989ರಲ್ಲಿ ಬಂದ ಜೀವನಚರಿತ್ರೆ ಅವನ ದಿನಚರಿಯನ್ನೇ ಆಧಾರವಾಗಿ ಇಟ್ಟುಕೊಂಡು, ತನ್ನ ಹೆಣ್ಣುಮಕ್ಕಳ ಮೇಲೆ ಅವನು ಮಾಡಿದ ಲೈಂಗಿಕ ದೌರ್ಜನ್ಯವನ್ನು ಬಯಲಿಗೆ ತಂದಿತು. ಡಿಚ್ಲಿಂಗ್ ಊರಿನ ವಸ್ತುಸಂಗ್ರಹಾಲಯ 2017ರಲ್ಲಿ ಅವನ ಕೆಲಸವನ್ನು ಈ ಸತ್ಯದ ಜತೆಗೇ ಪ್ರದರ್ಶಿಸಿತು. ಅದು ಸರಿಯಾದ ದಾರಿ ಅಂತ ನನ್ನ ಖಚಿತ ಅಭಿಪ್ರಾಯ. ಆದರೆ ಪೂಜಾಸ್ಥಳದ ಪ್ರಶ್ನೆ ಬೇರೆ. ವಸ್ತುಸಂಗ್ರಹಾಲಯಕ್ಕೆ ನೋಡಲು ಹೋಗುತ್ತೇವೆ, ಪ್ರಾರ್ಥನೆಗೆ ಬಂದ ಸಂತ್ರಸ್ತೆಗೆ ಆ ಆಯ್ಕೆ ಇಲ್ಲ. ಅಲ್ಲಿಂದ ಆ ಶಿಲ್ಪಗಳನ್ನು ತೆಗೆಯಿರಿ ಅಂತ ಕೇಳುವವರ ಮಾತಿನಲ್ಲಿ ನ್ಯಾಯ ಇದೆ.

ಒಟ್ಟಿನಲ್ಲಿ ನಾವು ಒಂದೇ ಪ್ರಶ್ನೆ ಅಂತ ಕರೆಯುತ್ತಿರುವುದರಲ್ಲಿ ಮೂರು ತೀರ್ಮಾನಗಳಿವೆ. ಕೃತಿ ಎಷ್ಟು ದೊಡ್ಡದು? ಆ ವ್ಯಕ್ತಿಗೆ ಹಾರ, ಪ್ರಶಸ್ತಿ, ಬೀದಿಗೆ ಹೆಸರು ಕೊಡಬೇಕಾ? ಅವನ ಹತ್ತಿರ ಇರುವವರನ್ನು ಹೇಗೆ ಕಾಪಾಡಬೇಕು? ಮೊದಲನೆಯದಕ್ಕೆ ಕೃತಿಯನ್ನು ಮಾತ್ರ ನೋಡಿ. ಎರಡನೆಯದಕ್ಕೆ ಬದುಕನ್ನೂ ನೋಡಲೇಬೇಕು, ಯಾಕೆಂದರೆ ಹಾರ ಬೀಳುವುದು ಮನುಷ್ಯನ ಕೊರಳಿಗೆ. ಮೂರನೆಯದರಲ್ಲಿ ಪ್ರತಿಭೆಯ ಮಾತೇ ಬರಬಾರದು. ಇವನ್ನು ಕಲಸಿದಾಗಲೇ, ದೊಡ್ಡ ಹಾಡುಗಾರ ಅಂತ ದೂರನ್ನು ಮುಚ್ಚುವುದೂ ನಡೆಯುತ್ತದೆ, ಕೆಟ್ಟವನು ಅಂತ ಒಳ್ಳೆಯ ಚಿತ್ರವನ್ನು ಕಳಪೆ ಅನ್ನುವುದೂ ನಡೆಯುತ್ತದೆ.

ಚಿಂತಾಮಣಿ ಓದುಗಿ

ಕುಂಚ ಅವರ ಎರಡನೇ ತೀರ್ಮಾನಕ್ಕೆ ಒಂದು ಎಚ್ಚರಿಕೆ. ಬದುಕನ್ನು ನೋಡಿ ಅಂದ ಕೂಡಲೇ ನಮ್ಮ ಸಮಾಜ ಯಾರ ಬದುಕನ್ನು ನೋಡಿತು? ತಂಜಾವೂರಿನ ಆಸ್ಥಾನ ಗಣಿಕೆ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ವೀರೇಶಲಿಂಗಂ ಅವರಂಥ ಸುಧಾರಕರೇ ಹೀಗಳೆದರು. ಅದೇ ಶೃಂಗಾರ ಗಂಡಸರ ಕಾವ್ಯದಲ್ಲಿ ಇದ್ದದ್ದು ತೊಡಕಾಗಿರಲಿಲ್ಲ. ದೇವದಾಸಿ ಕುಲದ ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಮೂಲಪಾಠ ಹುಡುಕಿ ಪೂರ್ತಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ನಿಷೇಧಿಸಿತು, ನಿಷೇಧ ಹೋಗಿದ್ದು 1947ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಅದೇ ನಾಗರತ್ನಮ್ಮ, ಆದರೂ ಆರಾಧನೆಯಲ್ಲಿ ಹೆಂಗಸರು ಹಾಡಲು ಹೋರಾಡಬೇಕಾಯಿತು. ಕಂಪನಿ ನಾಟಕದ ನಟಿಯರಿಗೂ ಇದೇ ಗತಿ.

ಆದ್ದರಿಂದ ಬದುಕನ್ನು ತೂಗುವ ಮೊದಲು ಒಂದು ಪ್ರಶ್ನೆ ಇಡಿ: ಯಾರಿಗೆ ಪೆಟ್ಟು ಬಿತ್ತು? ಹೆಸರಿಟ್ಟು ತೋರಿಸಬಹುದಾದ ಒಬ್ಬ ಮನುಷ್ಯನಿಗೆ ನೋವಾಗಿದ್ದರೆ ಅದು ಶೀಲದ ಪ್ರಶ್ನೆ. ಜಾತಿ, ಕುಲಕಸುಬು, ಉಡುಗೆ, ಮದುವೆ ಆಗದೇ ಇದ್ದದ್ದು, ಇವು ಊರಿನ ಕಟ್ಟುಪಾಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವಕೀಲೆ, ಕೋಲಾರ

ಅಕ್ಕನ ಮಾತಿಗೆ ಸಾಕ್ಷ್ಯದ ಮಾತು ಸೇರಿಸುತ್ತೇನೆ. ಕಲಾವಿದರ ಬಗ್ಗೆ ಮಕ್ಕಳ ಮುಂದೆ ಏನು ಹೇಳಿದರೂ ಅದರ ಆಧಾರ ಯಾವ ಮಟ್ಟದ್ದು ಅಂತ ಜತೆಗೇ ಹೇಳಿ. ಎಲ್ಲಕ್ಕಿಂತ ಗಟ್ಟಿಯಾದದ್ದು ಅವರದೇ ದಿನಚರಿ, ಪತ್ರ, ಆತ್ಮಕಥೆ, ಜತೆಗೆ ನ್ಯಾಯಾಲಯದ ತೀರ್ಪು. ಗಿಲ್ ವಿಷಯ ಆ ಮಟ್ಟದ್ದು. ಆಮೇಲೆ ನೊಂದವರು ತಮ್ಮ ಹೆಸರಿನಲ್ಲೇ ಹೇಳಿದ್ದು. ಅದರ ಕೆಳಗೆ ಸಮಕಾಲೀನರು ಬರೆದಿಟ್ಟದ್ದು. ಕಟ್ಟಕಡೆಗೆ "ಹಾಗಂತೆ". ಈ ಕೊನೆಯದನ್ನು ಶಿಬಿರದಲ್ಲಿ ಹೇಳಲೇಬೇಡಿ. ಬದುಕಿರುವವರ ಬಗ್ಗೆ ಆಧಾರವಿಲ್ಲದೆ ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟ. ತೀರಿಹೋದವರ ಬಗ್ಗೆ ಹೇಳಿದ್ದೂ, ಕುಟುಂಬದವರನ್ನು ನೋಯಿಸುವ ಉದ್ದೇಶ ಇದ್ದರೆ, ಅದರೊಳಗೆ ಬರಬಹುದು.

"ಹೆಸರು ಅಳಿಸಿ ಕೃತಿ ಮಾತ್ರ ಇಡೋಣ" ಅಂತ ಕೆಲವರು ಹೇಳುತ್ತಾರೆ. ಅದೂ ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಕರ್ತೃವಿಗೆ ತನ್ನ ಕೃತಿ ತನ್ನದು ಅನ್ನಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಸತ್ಯ ಮುಚ್ಚಿದ ಹಾಗೂ ಆಗುತ್ತದೆ. ಹಣದ ಪ್ರಶ್ನೆಯೂ ಇದೇ ಕಾಯ್ದೆಯಲ್ಲಿದೆ: ಕರ್ತೃ ಸತ್ತ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ. ಬದುಕಿರುವವರ ಪುಸ್ತಕ ಕೊಂಡರೆ ಗೌರವಧನ ಅವರಿಗೇ ಹೋಗುತ್ತದೆ, ನಾಲ್ಕು ಶತಮಾನದ ಹಿಂದೆ ಸತ್ತ ಕರವಾಜ್ಜೊಗೆ ಯಾವ ಲಾಭವೂ ಇಲ್ಲ. ಬದುಕಿರುವವರು, ಇಲ್ಲದವರು ಅನ್ನುವ ವ್ಯತ್ಯಾಸ ಇಲ್ಲಿ ನಿಜವಾಗಿ ಮುಖ್ಯ.

ಮೂರನೆಯ ತೀರ್ಮಾನ, ಅಂದರೆ ರಕ್ಷಣೆ, ಭಾಷಣದಿಂದ ಆಗುವುದಿಲ್ಲ. ನಾಟಕ ತಂಡ, ಸಂಗೀತ ಶಾಲೆ, ನೃತ್ಯ ತರಗತಿ ನಡೆಸುವವರು ಇದನ್ನು ಓದಲಿ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ ಆಗಬಹುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ: ಅಧ್ಯಕ್ಷೆ ಹಿರಿಯ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮಹಿಳೆಯರು, ಹೊರಗಿನವರೊಬ್ಬರು. ಹತ್ತಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಬರವಣಿಗೆಯಲ್ಲಿ, ಮೂರು ತಿಂಗಳೊಳಗೆ. ಕಾರಣ ಇದ್ದರೆ ಇನ್ನು ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ, ಇದನ್ನು ಕಾಯ್ದೆಯೇ ಹೇಳುತ್ತದೆ. ಶಿಷ್ಯರು 18 ವರ್ಷದ ಒಳಗಿನವರಾದರೆ ಪೋಕ್ಸೊ ಕಾಯ್ದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ.

ಮುಖ್ಯವಾಗಿ ತಪ್ಪುವುದು ಎಲ್ಲಿ ಅಂದರೆ, ದೂರು ಬಂದ ದಿನ ಹಿರಿಯರೆಲ್ಲ ಸೇರಿ ಇಬ್ಬರನ್ನೂ ಎದುರಿಗೆ ಕೂರಿಸಿ "ಗುರುಗಳು, ದೊಡ್ಡವರು, ಕಾಲಿಗೆ ಬಿದ್ದು ಮುಗಿಸಿಬಿಡಮ್ಮ" ಅನ್ನುವುದು. ಹಾಗೆ ಮಾಡಿದ ಮೇಲೆ ಆ ಹುಡುಗಿ ಮತ್ತೆ ಬಾಯಿ ಬಿಡುವುದಿಲ್ಲ, ಮೂರು ತಿಂಗಳ ಅವಧಿಯೂ ಕಳೆದುಹೋಗುತ್ತದೆ.

ಹಾರ್ಮೋನಿಯಂ, ಗುಬ್ಬಿ

ವಕೀಲೆ ಮೇಡಂ ಹೇಳಿದ್ದಕ್ಕೆ ತಾಲೀಮಿನ ಕಡೆಯಿಂದ ಒಂದಿಷ್ಟು. ತಾಲೀಮಿನ ವೇಳೆ ಮೊದಲೇ ಗೋಡೆಗೆ ಅಂಟಿಸಿ, ಒಬ್ಬರನ್ನೇ ಕರೆಸೋ ತಾಲೀಮು ಬೇಡ, ಬೇಕೇ ಆದ್ರೆ ಬಾಗಿಲು ತೆಗೆದಿರಲಿ, ಇನ್ನೊಬ್ಬರು ಕೂತಿರಲಿ. ಮೈಮುಟ್ಟಿ ತೋರಿಸಬೇಕಾದ ಭಂಗಿ ಇದ್ದರೆ ಕೇಳಿ ಮುಟ್ಟಬೇಕು. ಪರಸ್ಥಳದ ಪ್ರದರ್ಶನಕ್ಕೆ ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಒಳಚಿಲಕ ಪರೀಕ್ಷೆ ಮಾಡಿ. ಸಂಭಾವನೆ ಪ್ರತಿಯೊಬ್ಬರ ಕೈಗೇ ಕೊಡಿ, ಪಟ್ಟಿಗೆ ರುಜು ಹಾಕಿಸಿ. ಪಾತ್ರ, ದುಡ್ಡು, ಪಾಠ ಮೂರೂ ಒಬ್ಬರ ಕೈಲೇ ಇದ್ದಾಗ ಎದುರು ಮಾತಾಡೋಕೆ ಯಾರಿಗೂ ಧೈರ್ಯ ಬರಲ್ಲ, ಕಿರುಕುಳ ಬೆಳೆಯೋದೇ ಅಲ್ಲಿ. ಮೂರನ್ನೂ ಮೂವರಿಗೆ ಹಂಚಿ.

1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಅಷ್ಟು ದಶಕ ನಿಂತದ್ದು ಬರೀ ನಟನೆಯಿಂದ ಅಲ್ಲ, ಕುರುಕ್ಷೇತ್ರಕ್ಕೆ ಆನೆ ಕುದುರೆ ರಂಗದ ಮೇಲೆ ತರಬೇಕಾದರೆ ಎಂಥ ಶಿಸ್ತು ಬೇಕಾಗಿತ್ತು ಯೋಚನೆ ಮಾಡಿ. ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ' ನಾಟಕದ ವಾರಕ್ಕೆ ಓದಿಸಿ.

ಗೂಳೂರು ದಾರಿ, ತುಮಕೂರು

ತುಂಬಾ ಉಪಕಾರ. ಕ್ರಮ ಹೀಗೆ ಇಡ್ತೀವಿ: ಪ್ರತಿ ವಾರ ಮೊದಲ ಒಂದು ಗಂಟೆ ಕೃತಿ ಮಾತ್ರ, ಮಾಡಿದವರ ಹೆಸರು ಊರು ಬಿಟ್ಟು ಬೇರೆ ಏನೂ ಇಲ್ಲ. ಆಮೇಲೆ ಬದುಕು, ಆಧಾರದ ಮಟ್ಟ ಸಮೇತ. ಕೊನೆಗೆ ಮೂರು ತೀರ್ಮಾನ, ಮೂರಕ್ಕೂ ಬೇರೆ ಬೇರೆ ಹಾಳೆ. ಸಂಗೀತದ ವಾರಕ್ಕೆ ಜರ್ಮನಿಯ ಸಂಗೀತಕಾರ ವಾಗ್ನರ್ ಇಡಬಹುದಾ?

ಅಲಂಕಾರ, ತಿಪಟೂರು

ಇಡಿ. 1850ರಲ್ಲಿ ಯೆಹೂದಿಗಳ ವಿರುದ್ಧ ಬರೆದ ಲೇಖನದ ವಿಷಯವನ್ನು ಮುಚ್ಚಬೇಡಿ. 2001ರಲ್ಲಿ ವಾದ್ಯವೃಂದದ ನಿರ್ದೇಶಕ ಬಾರೆನ್‌ಬಾಯಿಮ್ ಜೆರುಸಲೇಮಿನಲ್ಲಿ ನಡೆದುಕೊಂಡ ರೀತಿ ನಿಮಗೆ ಮಾದರಿಯಾಗುತ್ತದೆ. ನಿಗದಿಯಾದ ಕಛೇರಿ ಮುಗಿದ ಮೇಲೆ ವಾಗ್ನರ್ ನುಡಿಸಲೇ ಅಂತ ಸಭೆಯನ್ನೇ ಕೇಳಿದರು, ವಾದ ನಡೆಯಿತು, ಬೇಡವಾದವರು ಎದ್ದುಹೋದರು, ಆಮೇಲೆ ನುಡಿಸಿದರು. ಮಕ್ಕಳಿಗೂ ಎದ್ದುಹೋಗುವ ಅವಕಾಶ ಇರಲಿ, ಹಾಜರಾತಿ ಕಡಿಯಬೇಡಿ. ಒಂದು ಬದಲಾವಣೆ: ಕೃತಿಯ ಗಂಟೆಯಲ್ಲಿ ಮೂರನೇ ಎರಡು ಭಾಗ ಬರೀ ಕೇಳುವುದಕ್ಕೆ ಬಿಡಿ. ಬದುಕಿನ ಕಥೆ ಕೇಳಿದ ಮೇಲೆ ಯಾರ ಕಿವಿಯೂ ಮೊದಲಿನಂತೆ ಇರುವುದಿಲ್ಲ.

ಗೂಳೂರು ದಾರಿ, ತುಮಕೂರು

ಕೊನೆಯ ಪ್ರಶ್ನೆ. ಸಮಾರೋಪಕ್ಕೆ ಕರೆಯಬೇಕು ಅಂತಿರೋ ಕಲಾವಿದರ ಮೇಲೆ ದೂರು ವಿಚಾರಣೆಯಲ್ಲಿದ್ದರೆ? ತೀರ್ಪು ಬಂದಿಲ್ಲ.

ವಕೀಲೆ, ಕೋಲಾರ

ತೀರ್ಪು ಬರುವವರೆಗೆ ಅಪರಾಧಿ ಅನ್ನುವಂತಿಲ್ಲ. ಸನ್ಮಾನ ಮಾಡಲೇಬೇಕು ಅನ್ನುವ ಹಕ್ಕೂ ಯಾರಿಗೂ ಇಲ್ಲ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 2018ರ ಡಿಸೆಂಬರ್ ಋತುವಿನಿಂದ ಏಳು ಕಲಾವಿದರನ್ನು ಕೈಬಿಟ್ಟದ್ದು ಇಂಥ ನಿರ್ಧಾರವೇ, ಶಿಕ್ಷೆ ಅಲ್ಲ. ನೀವು ಮಾಡಬೇಕಾದದ್ದು: ಆಹ್ವಾನ ಮುಂದಕ್ಕೆ ಹಾಕಿ, ರದ್ದು ಅನ್ನಬೇಡಿ. ಪತ್ರದಲ್ಲಿ ದೂರಿನ ವಿವರ, ದೂರು ಕೊಟ್ಟವರ ಸುಳಿವು ಏನೂ ಬರೆಯಬೇಡಿ, ಆ ಗೋಪ್ಯತೆ 2013ರ ಕಾಯ್ದೆಯ 16ನೇ ಕಲಂನಲ್ಲೇ ಇದೆ. ಮುಂಗಡ ಕೊಟ್ಟಿದ್ದರೆ ಒಪ್ಪಂದ ನೋಡಿ. ಇನ್ನು ಮುಂದಿನ ಒಪ್ಪಂದಗಳಲ್ಲಿ "ವಿಚಾರಣೆ ಬಾಕಿ ಇದ್ದರೆ ಕಾರ್ಯಕ್ರಮ ಮುಂದೂಡುವ ಹಕ್ಕು ಸಂಘಟಕರಿಗೆ ಇರುತ್ತದೆ, ಮುಂಗಡ ಹೊಂದಾಣಿಕೆಯಾಗುತ್ತದೆ" ಅನ್ನುವ ಸಾಲು ಸೇರಿಸಿ, ಎಲ್ಲ ಕಲಾವಿದರಿಗೂ ಒಂದೇ ನಮೂನೆ ಬಳಸಿ. ಒಬ್ಬರಿಗೆ ಮಾತ್ರ ಸೇರಿಸಿದರೆ ಅದೇ ಆರೋಪ ಮಾಡಿದಂತೆ ಆಗುತ್ತದೆ. ಅವರ ಧ್ವನಿಮುದ್ರಿಕೆಯನ್ನು ಪಾಠಕ್ಕೆ ಬಳಸಬೇಕಾದರೆ ಬಳಸಿ, ಅದು ಮೊದಲನೇ ಹಾಳೆಯ ವಿಷಯ.